ದ್ರಾಕ್ಷಾರಸದ ಯಾದಿ

ಒಂದು ವಸ್ತುವನ್ನು ಬಲ್ಲವನು ಬೇರೆ, ಅದನ್ನು ಭೋಗಿಸುವವನು ಬೇರೆ. ವೈದ್ಯನು ವಿಷದ ಗುಣವನ್ನು ಬಲ್ಲನು. ಅಷ್ಟರಿಂದಲೇ ಅವನನ್ನು ವಿಷಭಕ್ಷಕನೆಂದು ಯಾರೂ ಕರೆಯುವದಿಲ್ಲ. ಈ ಮಾತನ್ನು ಮೊದಲಿಗೇ ಹೇಳಿಡುವದಕ್ಕೆ ಕಾರಣವುಂಟು. ಗಲಗಲಿಯ ಕೃಷ್ಣಾತೀರದಲ್ಲಿ ಅಮರವನ್ನೂ ಕಾವ್ಯಗಳನ್ನೂ ಗುರುಮುಖದಿಂದ ಓದಿ, ಮುಂದೆ ಮೂವತ್ತು ವರುಷಕ್ಕೂ ಮಿಕ್ಕಿ ಸಾಲೆಯ ಮಕ್ಕಳಿಗೆ ಪಾಠ ಹೇಳಿ ನಿವೃತ್ತನಾದ ನಾನು, ಮದ್ಯದ ಒಂದು ಹನಿಯನ್ನೂ ನಾಲಗೆಗೆ ಮುಟ್ಟಿಸಿದವನಲ್ಲ. ಹೀಗಿದ್ದೂ ಕಳೆದ ವರುಷ ವಿಜಯಪುರದ ಒಂದು ಖಾನಾವಳಿಗಾಗಿ ದ್ರಾಕ್ಷಾರಸಗಳ ಯಾದಿಯನ್ನು ನಾನೇ ಸಿದ್ಧಪಡಿಸಿ ಕೊಟ್ಟೆನು. ಇದನ್ನು ಕೇಳಿ ಕೆಲವರು ನಕ್ಕರು, ಕೆಲವರು ಮೋರೆ ತಿರುವಿದರು. ಆದ ಸಂಗತಿಯನ್ನು ವಾಚಕರ ಮುಂದಿಡುತ್ತೇನೆ. ಯುಕ್ತಾಯುಕ್ತವನ್ನು ಅವರೇ ನೋಡಲಿ.

ಖಾನಾವಳಿಯವನು ನನ್ನ ಹಳೆಯ ಶಿಷ್ಯನು. ಅವನ ತಂದೆ ತಿಕೋಟೆಯ ಕಡೆಯ ದ್ರಾಕ್ಷಿಯ ಒಕ್ಕಲಿಗ. ಆ ಸೀಮೆಯ ಬೆಳೆಯ ಬಹುಭಾಗವು ಒಣದ್ರಾಕ್ಷಿಯಾಗಿ ಸಾಂಗಲಿ ತಾಸಗಾವಗಳ ಪೇಟೆಗೆ ಹೋಗುವದೆಂಬದು ಎಲ್ಲರಿಗೂ ಗೊತ್ತು. ಒಂದು ವರುಷ ಹಣ್ಣು ನೆರಳುಬಲೆಯ ಕೆಳಗೆ ಒಣಗುತ್ತಿರುವಾಗಲೇ ಅಕಾಲದ ಮಳೆ ಬಿದ್ದು ಮಾಲೆಲ್ಲ ಕಪ್ಪಾಯಿತು, ಸಾಲ ಏರಿತು. ಉಳಿದ ತೋಟವನ್ನು ಒತ್ತೆಯಿಟ್ಟು ಮಗನು ಪರವಾನಗಿಯುಳ್ಳ ಖಾನಾವಳಿಯನ್ನು ತೆಗೆದನು. ಅದು ನಡೆಯದಿದ್ದರೆ ತೋಟವೂ ಹೋಗುವದು. ಇಂಥ ಸ್ಥಿತಿಯಲ್ಲಿ ಅವನು ಮಾರಾಟದ ಪ್ರತಿನಿಧಿಯೊಬ್ಬನು ಬರೆದುಕೊಟ್ಟ ಮೂವತ್ತೊಂದು ಹೆಸರುಗಳ ಪಟ್ಟಿಯನ್ನು ಹಿಡಿದು ನನ್ನ ಮನೆಗೆ ಬಂದನು.

“ಗುರುಗಳ, ಇದರಾಗಿನ ಹೆಸರ ಸೈತ ನನಗ ಓದಾಕ ಬರವಲ್ವು. ನೀವೇನು ಕುಡಿಯೂದು ಬ್ಯಾಡ್ರಿ. ಯಾವುದು ಬೇಕು ಯಾವುದು ಬ್ಯಾಡ ಅನ್ನೂದನ್ನ ವಿಚಾರ ಮಾಡಿ ಹೇಳ್ರಿ ಸಾಕು” ಎಂದನು.

“ತಮ್ಮಾ, ನಾ ಇದನ್ನ ಹೆಂಗ ಹೇಳಲೋ?” ಎಂದೆನು.

“ನೀವ ನಮಗ ಪರೀಕ್ಷಾ ಮಾಡೂದ ಕಲಿಸೀರಿ ಅಲ್ರೀ” ಎಂದು ಉತ್ತರಕೊಟ್ಟನು. ಅದಕ್ಕೆ ನನ್ನಲ್ಲಿ ಮರುಮಾತು ಇರಲಿಲ್ಲ.

ನಾನು ಮೊದಲು ನನಗೆ ಪರಿಚಿತವಾದ ಗ್ರಂಥಗಳನ್ನೇ ತೆಗೆದೆನು. ಮೈಸೂರಿನ ಪ್ರಾಚ್ಯ ಗ್ರಂಥಾಲಯದಲ್ಲಿ ದೊರೆತು 1909ರಲ್ಲಿ ಆರ್. ಶಾಮಶಾಸ್ತ್ರಿಗಳಿಂದ ಪ್ರಕಟವಾದ ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ಸುರಾಧ್ಯಕ್ಷನಿಗಾಗಿ ಒಂದು ಅಧ್ಯಾಯವೇ ಇದೆ. ಮೇದಕ, ಪ್ರಸನ್ನಾ, ಆಸವ, ಅರಿಷ್ಟ, ಮೈರೇಯ, ಮಧು ಎಂದು ಅಲ್ಲಿ ಮದ್ಯಗಳನ್ನು ವಿಂಗಡಿಸಿ, ದ್ರಾಕ್ಷಿಯ ರಸದಿಂದಾದದ್ದೇ ಮಧುವೆಂದೂ ಅದಕ್ಕೆ ಹುಟ್ಟಿದ ದೇಶದಿಂದ ಕಾಪಿಶಾಯನ, ಹಾರಹೂರಕವೆಂಬ ಹೆಸರುಗಳೆಂದೂ ಹೇಳಿದೆ. ಕಾಪಿಶಾಯನ ಶಬ್ದದ ಸಾಧನೆಗಾಗಿ ಪಾಣಿನಿಯು ಪ್ರತ್ಯೇಕ ಸೂತ್ರವನ್ನೇ ರಚಿಸಿದ್ದಾನೆ. ಫ್ರಾನ್ಸದವರು ಬೋರ್ಡೋ, ಶಾಂಪೇನ್ ಎಂದು ನೆಲದ ಹೆಸರಿನಿಂದ ರಸವನ್ನು ಕರೆಯುವದು ನಮಗೆ ಹೊಸದಲ್ಲವೆಂದಾಯಿತು. ಪಾನಗೃಹದಲ್ಲಿ ಆಸನಗಳೂ ನೀರೂ ಋತುವಿಗೆ ತಕ್ಕ ಸುಖವೂ ಇರಬೇಕೆಂದು ಅದೇ ಅಧ್ಯಾಯವು ವಿಧಿಸುತ್ತದೆ. ಕೌಟಿಲ್ಯನು ಕುಡಿಯಿರೆಂದು ಬೋಧಿಸಲಿಲ್ಲ. ಕುಡಿಯುವವರು ಇದ್ದೇ ಇರುವಲ್ಲಿ ವ್ಯವಸ್ಥೆಯು ಹೇಗಿರಬೇಕೆಂದು ವಿಚಾರಿಸಿದನು. ನನಗೂ ಅದೇ ದಾರಿಯು ಸರಿಯೆನಿಸಿತು.

ಇತ್ತ ನಮ್ಮ ನಾಡಿನ ಸ್ಥಿತಿಯನ್ನು ನೋಡಿದರೆ ಒಂದು ವಿನೋದವುಂಟು. ಊರೂರಿಗೆ ‘ವೈನ್ಸ್’ ಎಂಬ ಫಲಕದ ಅಂಗಡಿಗಳಿವೆ. ಒಳಗೆ ಮಾರುವದು ಹೆಚ್ಚಾಗಿ ವಿಸ್ಕಿ, ರಮ್ಮುಗಳನ್ನು. ವಿಸ್ಕಿಯಲ್ಲಿ ಮದ್ಯಸಾರವು ನೂರಕ್ಕೆ 42.8, ದ್ರಾಕ್ಷಾರಸದಲ್ಲಿ ಸಾಮಾನ್ಯವಾಗಿ 11ರಿಂದ 14. ಕರ್ನಾಟಕ ಸರಕಾರವು 2007ರ ಜುಲೈ 1ರಿಂದ ಸಾರಾಯಿಯನ್ನು ನಿಲ್ಲಿಸಿತು. ಅದೇ ವರುಷ ದ್ರಾಕ್ಷಾರಸದ ನೀತಿಯನ್ನೂ ಹೊರಡಿಸಿತು. ನಂದಿಬೆಟ್ಟದ ತಪ್ಪಲಲ್ಲಿ ಗ್ರೋವರರ ತೋಟವು ಅದಕ್ಕೂ ಮೊದಲೇ, 1980ರ ದಶಕದ ಕೊನೆಗೆ, ಫ್ರಾನ್ಸದ ತಜ್ಞರ ಸಹಾಯದಿಂದ ಬೆಳೆದಿತ್ತು. ಹಂಪೆಯ ಸೀಮೆಯಲ್ಲಿ ಕೃಷ್ಮಾ, ಸೋಲಾಪುರ ಜಿಲ್ಲೆಯ ಅಕಲೂಜದಲ್ಲಿ ಫ್ರಾಟೆಲ್ಲಿ, ನಾಸಿಕದಲ್ಲಿ ಸುಲಾ, ಇವು ಆಮೇಲಿನವು. ಅಂತು ಪರದೇಶಕ್ಕೆ ಹೋಗದೆಯೇ ನಾನಾ ರುಚಿಯ ಯಾದಿಯನ್ನು ಕಟ್ಟಬಹುದೆಂದು ತಿಳಿಯಿತು.

ಶಿಷ್ಯನು ತಂದೆಯ ತೋಟದ ಹಣ್ಣಿನದೇ ರಸವಾಗಬಾರದೇ ಎಂದು ಕೇಳಿದನು. ತಿನ್ನುವ ಥಾಮ್ಸನ್ ಹಣ್ಣು ಬೀಜವಿಲ್ಲದ್ದು, ತೆಳುಸಿಪ್ಪೆಯದು. ಒಳ್ಳೆಯ ರಸಕ್ಕೆ ಬೇಕಾದದ್ದು ಸಣ್ಣ ಕಾಯಿಯ, ಬೀಜವುಳ್ಳ, ದಪ್ಪಸಿಪ್ಪೆಯ ಜಾತಿಗಳು. ಕೆಂಪಿನ ಬಣ್ಣವೂ ಒಗರೂ ಬರುವದು ಸಿಪ್ಪೆ ಬೀಜಗಳಿಂದಲೇ. 2013ರಲ್ಲಿ ಭೌಗೋಳಿಕ ಗುರುತನ್ನು ಪಡೆದ ಬೆಂಗಳೂರು ನೀಲಿಯು ಸಿಹಿ ರಸಕ್ಕೆ ಒದಗುವದು, ಊಟಕ್ಕೆ ಹೊಂದುವದು ಕಡಿಮೆ.

ಇನ್ನು ಆರಿಸುವ ಕ್ರಮ. ನಮ್ಮ ಷಡ್ರಸಗಳ ವಿಚಾರವು ಇಲ್ಲಿ ಬಹಳ ಉಪಯೋಗಕ್ಕೆ ಬಂದಿತು. ಬಿಳಿಯ ರಸದಲ್ಲಿ ಆಮ್ಲವು ಮುಖ್ಯ, ಕೆಂಪಿನಲ್ಲಿ ಕಷಾಯವು ಮುಖ್ಯ. ನಮ್ಮ ಎಣ್ಣೆಗಾಯಿ, ಶೇಂಗಾಚಟ್ನಿ, ಕೆಂಪು ಖಾರ ಇವುಗಳ ಜೊತೆಗೆ ಬಲವಾದ ಒಗರು ಕೂಡಿದರೆ ಖಾರವು ಇನ್ನೂ ಉರಿಯುವದು. ತುಸು ಸಿಹಿಯಿರುವ, ಹುಳಿಯಿರುವ, ತಣ್ಣಗಿನ ಶೆನಿನ್ ಬ್ಲಾಂಕ್ ಅದನ್ನು ಶಮನಗೊಳಿಸುವದು. ಮಾಂಸದ ಸಾರಿಗೆ ಶಿರಾಜ್ ಸಲ್ಲುವದು. ಒಂದೇ ಗುಣದ, ಒಂದೇ ಕಿಮ್ಮತ್ತಿನ ಎರಡು ಸೀಸೆಗಳು ಯಾದಿಯಲ್ಲಿ ಇರಕೂಡದೆಂದು ನಿಯಮ ಮಾಡಿದೆನು. ಮೂವತ್ತೊಂದು ಹೆಸರುಗಳಲ್ಲಿ ಏಳು ಒಂದೇ ಮಾದರಿಯ ಕೆಂಪುರಸಗಳಿದ್ದವು. ಹೆಸರು ಅನೇಕವಾದ ಮಾತ್ರಕ್ಕೆ ವೈವಿಧ್ಯವಾಗದು; ಪರ್ಯಾಯಪದಗಳನ್ನು ಎಷ್ಟು ಕಲಿತರೂ ಅರ್ಥವು ಒಂದೇ ತಾನೆ!

ರುಚಿಯ ಪರೀಕ್ಷೆಯನ್ನು ಸಾಲೆಯ ಪದ್ಧತಿಯಿಂದಲೇ ನಡೆಯಿಸಿದೆನು. ಸೀಸೆಗಳಿಗೆ ಬಟ್ಟೆ ಸುತ್ತಿ, ಉತ್ತರಪತ್ರಿಕೆಗಳಿಗೆ ಹಾಕುವಂತೆ ಅಂಕೆ ಹಾಕಿದೆನು. ಒಬ್ಬ ವೈದ್ಯರು, ಇಬ್ಬರು ಅಧ್ಯಾಪಕರು, ಒಬ್ಬ ತೋಟಿಗರು, ಖಾನಾವಳಿಯ ಅಡಿಗೆಯವ, ಹೀಗೆ ಐವರು ಕುಳಿತರು. ಗಂಧಕ್ಕೆ ಐದು, ಹುಳಿ-ಸಿಹಿಗಳ ಸಮತೆಗೆ ಐದು, ಒಗರಿಗೆ ಐದು, ಊಟದೊಡನೆ ಹೊಂದಿಕೆಗೆ ಐದು ಗುಣಗಳು. ನಾನು ನೀರಿನ ತಂಬಿಗೆಯನ್ನು ಮುಂದಿಟ್ಟುಕೊಂಡು ಕೂಡಿಸುತ್ತ ಕುಳಿತೆನು. ಬಟ್ಟೆ ಬಿಚ್ಚಿದಾಗ, ಎಲ್ಲಕ್ಕೂ ದುಬಾರಿಯಾದದ್ದು ಐದನೆಯದಾಗಿಯೂ ಸಾಧಾರಣ ಕಿಮ್ಮತ್ತಿನ ಒಂದು ಶೆನಿನ್ ಬ್ಲಾಂಕ್ ಮೊದಲನೆಯದಾಗಿಯೂ ನಿಂತವು. ಬಡವರ ಮಗನು ಮೊದಲ ನಂಬರು ಬಂದಾಗ ಆಗುತ್ತಿದ್ದ ಸಂತೋಷವೇ ಆಗ ನನಗಾಯಿತು.

ಕೊನೆಗೆ ಹನ್ನೆರಡೇ ನಿಂತವು: ನೊರೆಯುವದು ಒಂದು, ಬಿಳಿಯವು ಮೂರು, ಗುಲಾಬಿ ಬಣ್ಣದ್ದು ಒಂದು, ಕೆಂಪಿನವು ನಾಲ್ಕು, ಊಟದ ಮೇಲಿನ ಸಿಹಿಯದು ಒಂದು, ಪರದೇಶದವು ಎರಡು. ಪರದೇಶದವುಗಳನ್ನು ಹೆಚ್ಚಿಸಲಿಲ್ಲ, ಅವುಗಳ ಮೇಲೆ ಬಹುಕಾಲ ಮೂಲ ಸುಂಕವೇ ನೂರಕ್ಕೆ 150 ಇದ್ದಿತು. 2022ರ ಡಿಸೆಂಬರದಲ್ಲಿ ಜಾರಿಗೆ ಬಂದ ಒಪ್ಪಂದದಿಂದ ಆಸ್ಟ್ರೇಲಿಯದ ಕೆಲವು ರಸಗಳಿಗೆ ಅದು ತಗ್ಗಿದ್ದರಿಂದ ಎರಡರಲ್ಲಿ ಒಂದನ್ನು ಆ ದೇಶದ್ದೇ ಇಟ್ಟೆವು.

ಲೆಕ್ಕದ ಮಾತು ಇನ್ನೂ ಮುಖ್ಯವಾದದ್ದು. ಕೊಂಡ ಬೆಲೆಯನ್ನು ಮೂರರಿಂದ ಗುಣಿಸಿ ಮಾರುವದು ರೂಢಿಯೆಂದು ಶಿಷ್ಯನು ಹೇಳಿದನು. ಹಾಗಾದರೆ 600 ರೂಪಾಯಿಯದು 1800, 1500ರದು 4500 ಆಗುವದು, ಎರಡನೆಯದನ್ನು ಕೇಳುವವರಾರು? ಗುಣಿಸುವ ಬದಲು ಕೂಡಿಸು, ಪ್ರತಿಯೊಂದು ಸೀಸೆಗೂ 500 ರೂಪಾಯಿ ಸೇರಿಸು ಎಂದೆನು. ಆಗ ಮೊದಲನೆಯದು 1100, ಎರಡನೆಯದು 2000. ಗಿರಾಕಿಗೆ ಒಳ್ಳೆಯದರತ್ತ ಹೋಗಲು ಮನಸ್ಸಾಗುವದು. 750 ಮಿಲಿಲೀಟರಿನ ಸೀಸೆಯಲ್ಲಿ 150ರ ಲೋಟಗಳು ಐದು. 600ರ ಸೀಸೆಯ ಲೋಟಕ್ಕೆ 250ರಂತೆ 1250 ಬರುವದು. ಎರಡು ಲೋಟ ಕೆಟ್ಟುಹೋದರೂ 750 ಉಳಿದು ಕೊಂಡ ಬೆಲೆ ಮುಳುಗದು. ತೆರೆದ ಸೀಸೆಯು ತಂಪಿನಲ್ಲಿಯೂ ಮೂರು ನಾಲ್ಕು ದಿನಕ್ಕಿಂತ ಹೆಚ್ಚು ಬಾಳದಾದ್ದರಿಂದ ಲೋಟದಿಂದ ಮಾರುವವು ನಾಲ್ಕೇ ಇರಲೆಂದೆನು. ನಮ್ಮ ಬೇಸಿಗೆ 40 ಅಂಶವನ್ನು ಮೀರುವದು. ರಸವು 13ರ ಸುಮಾರಿನಲ್ಲಿ, ಬೆಳಕಿಲ್ಲದೆಡೆ ಇರಬೇಕು. ಕೆಂಪನ್ನು ಕೋಣೆಯ ಶಾಖದಲ್ಲಿ ಕೊಡಬೇಕೆಂಬ ಮಾತು ಚಳಿದೇಶದ್ದು. ಇಲ್ಲಿ ಅದನ್ನೂ ತುಸು ತಂಪುಮಾಡಿಯೇ ಕೊಡತಕ್ಕದ್ದು.

ಯಾದಿಯ ಕೆಲಸಕ್ಕೆ ಒಪ್ಪುವ ಮೊದಲೇ ನಾನು ಮೂರು ಕರಾರುಗಳನ್ನು ಹಾಕಿದ್ದೆನು. ಯಾದಿಯ ಮೊದಲನೆಯ ಸಾಲಿನಲ್ಲಿ ತಾಜಾ ದ್ರಾಕ್ಷಿಯ ಹಸಿರಸವಿರಬೇಕು. ಕೇಳದೆಯೇ ಮೇಜಿಗೆ ನೀರು ಬರಬೇಕು. ಮತ್ತೇರಿದವನಿಗೆ ಇನ್ನೊಂದು ಲೋಟವನ್ನು, ಅವನೆಷ್ಟೇ ದೊಡ್ಡವನಿರಲಿ, ಕೊಡಕೂಡದು. ಇವು ಬರಿಯ ಉಪದೇಶವಲ್ಲ. ತಂದೆಯ ಕುಡಿತದಿಂದ ಹಸಿದ ಹೊಟ್ಟೆಯಲ್ಲಿ ಸಾಲೆಗೆ ಬರುತ್ತಿದ್ದ ಹುಡುಗರ ಮೋರೆಗಳನ್ನು ನಾನು ಮರೆತಿಲ್ಲ. ಶಿಷ್ಯನು ಮೂರಕ್ಕೂ ಒಪ್ಪಿದನು, ಇದುವರೆಗೆ ನಡೆಯಿಸಿಯೂ ಇದ್ದಾನೆ.

ನಮ್ಮ ಭಾವಂದಿರು ಮಾತ್ರ, “ಸುರಾಪಾನವು ಮಹಾಪಾತಕಗಳಲ್ಲೊಂದು, ಅದಕ್ಕೆ ಸಹಾಯ ಮಾಡಿದವನಿಗೆ ಏನು?” ಎಂದು ಕೇಳಿದರು. ಶುಕ್ರಾಚಾರ್ಯರ ಶಾಪದ ಕಥೆಯನ್ನು ನಾನೂ ಎಷ್ಟೋ ಸಲ ಪಾಠ ಹೇಳಿದವನೇ. ಅವರ ಪ್ರಶ್ನೆಯನ್ನು ನಾನು ತಳ್ಳಿಹಾಕುವದಿಲ್ಲ. ರಾತ್ರಿ ಒಮ್ಮೊಮ್ಮೆ ಅದು ನನ್ನನ್ನು ಎಚ್ಚರಿಸುತ್ತದೆ. ಆದರೆ ಮಾರುವದು ನಿಶ್ಚಯವಾದ ಮೇಲೆ ಮೋಸವಿಲ್ಲದೆ, ಮಿತವಾಗಿ, ಉಣ್ಣುವ ಊಟಕ್ಕೆ ಹೊಂದುವಂತೆ ಮಾರುವದು ವಾಸಿಯೆಂಬದು ನನ್ನ ಬುದ್ಧಿಗೆ ತೋರುತ್ತದೆ. ಒತ್ತೆಯ ಸಾಲದ ಎರಡು ಕಂತುಗಳು ಸಂದಾಯವಾಗಿವೆ. ಆ ಮುದುಕ ಒಕ್ಕಲಿಗನು ಈ ಮಾಘದಲ್ಲಿ ತನ್ನ ತೋಟದ ಒಂದು ಬುಟ್ಟಿ ಹಣ್ಣನ್ನು ನಮ್ಮ ಮನೆಗೆ ಕಳಿಸಿದನು. ಭಾವಂದಿರೂ ತಿಂದು, ಬಹಳ ಸಿಹಿಯೆಂದರು.