ತೋಟಾ ತುಂಬುವ ಮುನ್ನ

ನಮ್ಮ ಯುವಕೂಟದ ಹುಡುಗರಲ್ಲಿ ಮೂರ್ನಾಲ್ಕು ಮಂದಿ ಈಚೆಗೆ ಒಂದೇ ಬಗೆಯ ವಿಡಿಯೊ ನೋಡುತ್ತಿದ್ದಾರೆ. ಅಮೆರಿಕದ ಯಾರದೋ ಮನೆಯ ಗ್ಯಾರೇಜು, ಮರದ ಮೇಜು, ಅದಕ್ಕೆ ಬಿಗಿದ ಒಂದು ಕೈಯಂತ್ರ. ಹೊಡೆದು ಖಾಲಿಯಾದ ರೈಫಲ್ ತೋಟಾಗಳನ್ನು ಒಬ್ಬ ಮನುಷ್ಯ ಒಂದೊಂದಾಗಿ ಎತ್ತಿಕೊಂಡು ಮತ್ತೆ ತುಂಬುತ್ತಾನೆ. ಅದಕ್ಕೆ ಅಲ್ಲಿ ರೀಲೋಡಿಂಗ್ ಎನ್ನುತ್ತಾರೆ. ನೋಡುವವರಲ್ಲಿ ನನ್ನ ಅಕ್ಕನ ಮಗನೂ ಒಬ್ಬ. ಸತ್ಯಮಂಗಲದ ಕಾಲೇಜಿನಲ್ಲಿ ಓದುತ್ತಾನೆ, ಎನ್‌ಸಿಸಿಯಲ್ಲಿದ್ದಾನೆ.

"ಮಾವ, ಖಾಲಿ ತೋಟಾನ ಮನೇಲೇ ತುಂಬ್ಕೋಬೋದಂತೆ. ನಾವೂ ಶುರು ಮಾಡಿದ್ರೆ ಏನು?" ಎಂದು ಕೇಳಿದ.

ನಗುವ ಪ್ರಶ್ನೆ ಅದಲ್ಲ. ಅವನಿಗೆ ಗುರಿ ಹೊಡೆಯುವ ಆಸೆ ನಿಜವಾದದ್ದು. ಜೊತೆಗೆ ಆ ವಾರವೇ ಹಂದಿಗಳು ಅಕ್ಕನ ಮುಸುಕಿನ ಜೋಳದ ಹೊಲಕ್ಕೆ ನುಗ್ಗಿ ಮುಕ್ಕಾಲು ಎಕರೆಯನ್ನು ಉತ್ತು ಹಾಕಿದಂತೆ ಮಾಡಿಹೋಗಿದ್ದವು. ಅವನ ಮನಸ್ಸಿನಲ್ಲಿ ಎರಡೂ ಒಂದಾಗಿದ್ದವು. ಅವನಿಗೆ ಹೇಳಿದ್ದನ್ನೇ ಇಲ್ಲಿ ಸ್ವಲ್ಪ ಬಿಡಿಸಿ ಬರೆಯುತ್ತಿದ್ದೇನೆ, ಅದೇ ವಿಡಿಯೊ ನೋಡುವ ಉಳಿದವರಿಗೂ ಇರಲಿ ಅಂತ.

ಮೊದಲು ಆ ಕೆಲಸ ಏನೆಂದು ತಿಳಿಯೋಣ. ರೈಫಲ್ ತೋಟಾದಲ್ಲಿ ನಾಲ್ಕು ಭಾಗ: ಹಿತ್ತಾಳೆಯ ಕೋಶ, ಅದರ ಬುಡದಲ್ಲಿ ಕಿಡಿ ಕೊಡುವ ಕೇಪು, ಒಳಗೆ ಮದ್ದು, ಬಾಯಲ್ಲಿ ಗುಂಡು. ಹೊಡೆದಾಗ ಗುಂಡು ಹೋಗುತ್ತದೆ, ಮದ್ದು ಉರಿಯುತ್ತದೆ, ಕೇಪು ಸಾಯುತ್ತದೆ. ಹಿತ್ತಾಳೆ ಮಾತ್ರ ಉಳಿಯುತ್ತದೆ. ತೋಟಾದ ಬೆಲೆಯಲ್ಲಿ ದೊಡ್ಡ ಪಾಲು ಆ ಹಿತ್ತಾಳೆಯದೇ ಆದ್ದರಿಂದ ಅದನ್ನು ಬಿಸಾಡದೆ ಮತ್ತೆ ಬಳಸುತ್ತಾರೆ. ಇನ್ನೊಂದು ಕಾರಣ ಗುರಿ. ಒಂದೊಂದು ರೈಫಲ್ಲಿಗೂ ಒಂದೊಂದು ಅಳತೆಯ ಮದ್ದು ಒಗ್ಗುತ್ತದೆ ಎಂದು ಅವರು ತಿಂಗಳುಗಟ್ಟಲೆ ಹುಡುಕುತ್ತಾರೆ. ಮದ್ದನ್ನು ತೂಗುವುದು ಗ್ರೇನ್ ಲೆಕ್ಕದಲ್ಲಿ. ಒಂದು ಗ್ರೇನ್ ಎಂದರೆ ನಮ್ಮ ಅಕ್ಕಸಾಲಿಗರ ಗುಲಗಂಜಿಗಿಂತಲೂ ಹಗುರ; ಒಂದು ಪೌಂಡಿಗೆ 7000 ಗ್ರೇನ್. ಒಂದೇ ಕೋಶಕ್ಕೆ ಮೈಮರೆತು ಎರಡು ಸಲ ಮದ್ದು ಸುರಿದರೆ ಕೋವಿ ಒಡೆದು ಹೊಡೆದವನ ಮುಖಕ್ಕೇ ಬರುತ್ತದೆ. ಅದಕ್ಕೇ ಅಲ್ಲಿ ಹೊಸಬರಿಗೆ ಹೇಳುವ ಮೊದಲ ಮಾತು ಯಂತ್ರದ್ದಲ್ಲ: ಮೇಜಿನ ಮೇಲೆ ಒಂದೇ ಬಗೆಯ ಮದ್ದು ಇರಲಿ, ಟಿವಿ ಆರಿಸು, ಮಾತು ನಿಲ್ಲಿಸು. ವಿಡಿಯೊದಲ್ಲಿ ಹತ್ತು ನಿಮಿಷಕ್ಕೆ ಮುಗಿಯುವ ಕೆಲಸ ಮೇಜಿನ ಮುಂದೆ ಒಂದು ಸಂಜೆ ಹಿಡಿಯುತ್ತದೆ.

ಈ ತುಂಬುವ ಕೆಲಸ ನಮ್ಮ ಮನೆಗೆ ಹೊಸದೇನಲ್ಲ. ನನ್ನ ತಾತನ ಹತ್ತಿರ ಬೆಳೆ ಕಾಯಲು ಲೈಸೆನ್ಸ್ ಪಡೆದ ಕೇಪಿನ ಕೋವಿ ಇತ್ತು. ಊರಲ್ಲಿ ತುಪಾಕಿ ಎನ್ನುತ್ತಿದ್ದರು. ಅದಕ್ಕೆ ತೋಟಾವೇ ಇಲ್ಲ. ಪ್ರತಿ ಈಡನ್ನೂ ನಳಿಗೆಯ ಬಾಯಿಂದಲೇ ತುಂಬಬೇಕು. ಮದ್ದು, ಅದರ ಮೇಲೆ ತೆಂಗಿನ ನಾರು, ಆಮೇಲೆ ಚರೆ, ಮತ್ತೆ ನಾರು. ಒಂದೊಂದನ್ನೂ ಗಜದಿಂದ ಜಡಿಯಬೇಕು. ಕೇಪನ್ನು ಮಾತ್ರ ಕೊನೆ ಗಳಿಗೆಯವರೆಗೂ ತಾತ ಹಾಕುತ್ತಿರಲಿಲ್ಲ. ಅದು ಅಂಗಿಯ ಜೇಬಿನಲ್ಲಿ, ಎಲೆ ಅಡಿಕೆಯ ಪಕ್ಕದ ತಗಡಿನ ಡಬ್ಬಿಯಲ್ಲಿ ಇರುತ್ತಿತ್ತು. ತುಂಬುವಾಗ ನಾವು ಮಕ್ಕಳು ಜಗಲಿಯಿಂದ ಇಳಿದು ಅಂಗಳದಾಚೆ ಹೋಗಬೇಕಿತ್ತು. ಯಾರಾದರೂ ಮಾತಾಡಿಸಿದರೆ ಉತ್ತರ ಕೊಡುತ್ತಿರಲಿಲ್ಲ. ಮೊದಲಿಂದ ನೋಡಿಕೊಂಡು ಮತ್ತೆ ಶುರು ಮಾಡುತ್ತಿದ್ದರು. ಬಹುಪಾಲು ರಾತ್ರಿ ಆ ಈಡು ಹಾರುತ್ತಲೇ ಇರಲಿಲ್ಲ. ಅಟ್ಟಣೆಯ ಮೇಲೆ ಕೂತು ತಮಟೆ ಬಡಿದೇ ಬೆಳಗು ಮಾಡುತ್ತಿದ್ದರು.

ಚುನಾವಣೆ ಬಂತೆಂದರೆ ಹಳೇ ಲುಂಗಿಯಲ್ಲಿ ಕೋವಿ ಸುತ್ತಿಕೊಂಡು ಠಾಣೆಗೆ ಕೊಟ್ಟು, ಚೀಟಿ ಬರೆಸಿಕೊಂಡು ಬರುತ್ತಿದ್ದರು. ಎಣಿಕೆ ಮುಗಿದ ಮೇಲೆ ಹೋಗಿ ಬಿಡಿಸಿಕೊಳ್ಳುವುದು. ಆಮೇಲೆ 2000ದ ಜುಲೈ ಬಂತು. 30ನೇ ತಾರೀಖು ರಾತ್ರಿ ಗಾಜನೂರಿನ ತೋಟದ ಮನೆಯಿಂದ ವೀರಪ್ಪನ್ ಡಾ. ರಾಜಕುಮಾರ್ ಅವರನ್ನು ಕರೆದೊಯ್ದ. 108 ದಿನ ನಮ್ಮ ಕಾಡಿನ ಮೇಲೆ ಎರಡು ರಾಜ್ಯದ ಕಣ್ಣಿತ್ತು. ಆ ದಿನಗಳಲ್ಲಿ ಮನೆಯಲ್ಲಿ ಒಂದು ಹಿಡಿ ಮದ್ದು ಇದ್ದರೂ ನಿದ್ದೆ ಬರುತ್ತಿರಲಿಲ್ಲ ಎಂದು ತಾತ ಹೇಳುತ್ತಿದ್ದರು. ಮುಂದಿನ ವರ್ಷ ಲೈಸೆನ್ಸ್ ನವೀಕರಿಸಲಿಲ್ಲ. ಕೋವಿ ಒಪ್ಪಿಸಿ ಬಂದವರು, ಗಜ ಇಡುತ್ತಿದ್ದ ಮೂಲೆಯಲ್ಲಿ ಕೊಡೆ ಇಟ್ಟರು.

ಈಗ ಕಾನೂನು. ಶಸ್ತ್ರಾಸ್ತ್ರ ಕಾಯ್ದೆ 1959ರದು. ಅದರ 5ನೇ ಸೆಕ್ಷನ್ ಪ್ರಕಾರ ಲೈಸೆನ್ಸ್ ಇಲ್ಲದೆ ಕೋವಿಯನ್ನಾಗಲಿ ಮದ್ದುಗುಂಡನ್ನಾಗಲಿ ತಯಾರಿಸುವಂತಿಲ್ಲ. ಮದ್ದುಗುಂಡು ಎಂದರೆ ಏನು ಎಂದು ಕಾಯ್ದೆ ಕೊಡುವ ವಿವರಣೆಯಲ್ಲಿ ಅದರ ಬಿಡಿಭಾಗಗಳೂ ತಯಾರಿಸುವ ಯಂತ್ರವೂ ಸೇರಿವೆ. ಅಂದರೆ ವಿಡಿಯೊದ ಆ ಮೇಜಿನ ಮೇಲಿನ ಯಂತ್ರ ಇಲ್ಲಿ ಬರೀ ಹತ್ಯಾರವಲ್ಲ, ಅದೇ ಮದ್ದುಗುಂಡು. 2019ರ ತಿದ್ದುಪಡಿಯ ನಂತರ ಅಕ್ರಮ ತಯಾರಿಕೆಗೆ ಕನಿಷ್ಠ 7 ವರ್ಷ ಜೈಲು, ಗರಿಷ್ಠ ಜೀವಾವಧಿ. ಲೈಸೆನ್ಸ್ ಇರುವವರು ತೋಟಾವನ್ನು ಅಂಗಡಿಯಲ್ಲೇ ಕೊಳ್ಳಬೇಕು, ಕೊಂಡದ್ದು ಪುಸ್ತಕದಲ್ಲಿ ದಾಖಲಾಗಬೇಕು. ಪುಣೆಯ ಖಡ್ಕಿಯಂಥ ಸರ್ಕಾರಿ ಕಾರ್ಖಾನೆಗಳಿಂದ ಆ ತೋಟಾ ಬರುತ್ತದೆ.

ಬೇಟೆಯ ಮಾತು ಇನ್ನೂ ಸಣ್ಣದು. 1972ರ ವನ್ಯಜೀವಿ ಕಾಯ್ದೆ ಅದನ್ನು ಮುಚ್ಚಿದೆ. ನಾವಿರುವುದು ಸತ್ಯಮಂಗಲ ಹುಲಿ ಮೀಸಲು ಅರಣ್ಯದ ಮಡಿಲಲ್ಲಿ. 2013ರಲ್ಲಿ ಘೋಷಣೆಯಾದ 1400 ಚದರ ಕಿಲೋಮೀಟರಿಗೂ ಮೀರಿದ ಕಾಡು ಅದು.

"ಹಂಗಾದ್ರೆ ಹಂದಿ ತಿನ್ಲಿ ಅಂತ ಸುಮ್ನೆ ಕೂರೋದಾ ಮಾವ?" ಎಂದ.

ಇದಕ್ಕೆ ನನ್ನ ಹತ್ತಿರ ಚೆಂದದ ಉತ್ತರ ಇರಲಿಲ್ಲ, ಈಗಲೂ ಇಲ್ಲ. 2025ರ ಜನವರಿಯಲ್ಲಿ ತಮಿಳುನಾಡು ಸರ್ಕಾರ ಹಂದಿ ಹೊಡೆಯಲು ಒಂದು ದಾರಿ ಮಾಡಿತು. ಮೀಸಲು ಅರಣ್ಯದಿಂದ 1 ಕಿಲೋಮೀಟರಿನೊಳಗೆ ಹೊಡೆಯುವಂತಿಲ್ಲ, 1ರಿಂದ 3ರವರೆಗೆ ಹಿಡಿದು ಕಾಡಿಗೆ ಬಿಡುವುದು, 3 ದಾಟಿದರೆ ಅರಣ್ಯ ಸಿಬ್ಬಂದಿಯೇ ಹೊಡೆಯುವುದು. ಅಕ್ಕನ ಹೊಲದ ಬದುವಿನಿಂದ ಕಲ್ಲೆಸೆದರೆ ಕಾಡಿಗೆ ಬೀಳುತ್ತದೆ. ಹಂದಿಯ ಕಾಟ ಯಾರಿಗೆ ಹೆಚ್ಚೋ ಅವರಿಗೇ ಆ ಆದೇಶದಿಂದ ಕಡಿಮೆ ಪ್ರಯೋಜನ ಎಂಬುದು ನನ್ನ ಅಭಿಪ್ರಾಯ, ಅದನ್ನು ಹೇಳಲು ನನಗೆ ಸಂಕೋಚವಿಲ್ಲ. ಪರಿಹಾರಕ್ಕೆ ಅರ್ಜಿ ಇದೆ. ಫೋಟೊ, ಪಟ್ಟಾ, ವಿಎಒ ಸಹಿ, ಎಲ್ಲವೂ ತಮಿಳಿನಲ್ಲಿ. ಅಕ್ಕನಿಗೆ ಕನ್ನಡ ಓದಲು ಬರುತ್ತದೆ, ತಮಿಳು ಮಾತಾಡಲಷ್ಟೇ. ಅರ್ಜಿ ಬರೆದುಕೊಟ್ಟವನು ಈ ಹುಡುಗನೇ.

ಆದರೂ ಮನೆಯಲ್ಲಿ ತುಂಬಿದ ತೋಟಾ ಅವಳ ಜೋಳವನ್ನು ಉಳಿಸುವುದಿಲ್ಲ. ರಾತ್ರಿ ಎರಡು ಗಂಟೆ, ಆಳೆತ್ತರದ ಜೋಳ, ಟಾರ್ಚಿನ ಬೆಳಕು. ಪಕ್ಕದ ಹೊಲದಲ್ಲೂ ಒಬ್ಬರು ಕಾವಲಿಗೆ ಇರುತ್ತಾರೆ, ಅವರೂ ಸದ್ದು ಕೇಳಿ ಜೋಳದೊಳಗೆ ನುಗ್ಗಿರುತ್ತಾರೆ. ಹಂದಿ ಎಂದು ಹೊಡೆದು ಜೊತೆಗಾರನಿಗೇ ತಗುಲಿದ ಸುದ್ದಿ ಮಲೆನಾಡು, ಕೊಡಗಿನ ಕಡೆಯಿಂದ ಆಗಾಗ ಬರುತ್ತದೆ. ಇನ್ನು ಮದ್ದು ಕೈಗೆ ಸಿಕ್ಕರೆ ಅದು ಕೋವಿಯಲ್ಲೇ ನಿಲ್ಲುವುದಿಲ್ಲ. ತಿಂಡಿಯೊಳಗೆ ಅಡಗಿಸುವ ಅವುಟ್ಟುಕಾಯಿಯ ವಿಷಯ ನಮ್ಮ ಕಡೆ ಯಾರಿಗೆ ಗೊತ್ತಿಲ್ಲ? ಹಂದಿಗೆಂದು ಇಟ್ಟದ್ದನ್ನು ಹಸು ಕಚ್ಚುತ್ತದೆ, ಆನೆ ಕಚ್ಚುತ್ತದೆ. 2020ರ ಮೇ ತಿಂಗಳಲ್ಲಿ ಕೇರಳದ ಪಾಲಕ್ಕಾಡಿನಲ್ಲಿ ಬಸಿರು ಆನೆಯೊಂದು ಬಾಯಿ ಸಿಡಿದು ಹೊಳೆಯ ನೀರಲ್ಲಿ ನಿಂತೇ ಸತ್ತಿತು. ತಾಳವಾಡಿಯವರು ಆನೆಯನ್ನು ಮುದ್ದು ಮಾಡುವವರಲ್ಲ. ಹೊಲ ಕಾಯುತ್ತಿದ್ದವರನ್ನು ಕೊಂದ ಕರುಪ್ಪನ್ ಆನೆಯನ್ನು 2023ರ ಏಪ್ರಿಲ್‌ನಲ್ಲಿ ಹಿಡಿದು ಸಾಗಿಸುವವರೆಗೂ ಕತ್ತಲಾದ ಮೇಲೆ ನಾವು ಹೊರಗೆ ಕಾಲಿಟ್ಟಿರಲಿಲ್ಲ. ಆದರೂ ಆ ಪಾಲಕ್ಕಾಡಿನ ಚಿತ್ರ ನೋಡಿ ಅಕ್ಕ ಅಂದು ಊಟ ಬಿಟ್ಟಿದ್ದಳು.

ಕೊಡಗಿನವರಿಗೆ ಬೇರೆ ಕಾನೂನು ಯಾಕೆ ಎಂದು ಹುಡುಗ ಕೇಳಿದ. ಕೇಳಬೇಕಾದ ಪ್ರಶ್ನೆಯೇ. ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಕೋವಿ ಲೈಸೆನ್ಸಿನಿಂದ ವಿನಾಯಿತಿ ಇದೆ. ಕೇಂದ್ರ ಸರ್ಕಾರ ಅದನ್ನು 2029ರವರೆಗೆ ಮುಂದುವರಿಸಿದೆ, 2021ರಲ್ಲಿ ಕರ್ನಾಟಕ ಹೈಕೋರ್ಟ್ ಎತ್ತಿಹಿಡಿದಿದೆ. ಕೈಲ್ ಪೊಳ್ದ್ ಹಬ್ಬದಲ್ಲಿ ಕೋವಿಗೆ ಹೂ ಮುಡಿಸಿ ಪೂಜಿಸುತ್ತಾರೆ, ಎತ್ತರದ ಮರಕ್ಕೆ ಕಟ್ಟಿದ ತೆಂಗಿನಕಾಯಿಗೆ ಗುರಿ ಹೊಡೆಯುತ್ತಾರೆ. ಆದರೆ ವಿನಾಯಿತಿ ಕೋವಿ ಇಟ್ಟುಕೊಳ್ಳಲು. ಕಾಡುಪ್ರಾಣಿ ಹೊಡೆಯಲು ಅವರಿಗೂ ಅನುಮತಿಯಿಲ್ಲ.

ಉಳಿದದ್ದು ಗುರಿಯ ಆಸೆ. ಇದಕ್ಕೆ ಬಾಗಿಲು ತೆರೆದಿದೆ, ಅದೂ ಹತ್ತಿರದಲ್ಲೇ. ಎನ್‌ಸಿಸಿಯಲ್ಲಿ ಹೊಡೆಯುವುದು ಪಾಯಿಂಟ್ 22 ರೈಫಲ್. ಅದರ ತೋಟಾದಲ್ಲಿ ಕಿಡಿಯ ಮದ್ದು ಬುಡದ ಅಂಚಿನಲ್ಲೇ ಇರುವುದರಿಂದ ಅಮೆರಿಕದವರೂ ಅದನ್ನು ಮತ್ತೆ ತುಂಬುವ ಗೋಜಿಗೆ ಹೋಗುವುದಿಲ್ಲ. 2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಕಂಚು ಗೆದ್ದ ಸ್ವಪ್ನಿಲ್ ಕುಸಾಳೆ ಹೊಡೆದದ್ದೂ ಪಾಯಿಂಟ್ 22 ರೈಫಲ್ಲಿನಿಂದಲೇ. ಅದಕ್ಕಿಂತ ಸುಲಭದ ಮೊದಲ ಮೆಟ್ಟಿಲು 10 ಮೀಟರ್ ಏರ್ ರೈಫಲ್. 20 ಜೌಲ್ ಮೀರದ, 0.177 ಇಂಚಿನ ನಳಿಗೆಯ ಏರ್ ರೈಫಲ್‌ಗೆ ಶಸ್ತ್ರಾಸ್ತ್ರ ಲೈಸೆನ್ಸ್ ಬೇಡ. ಅಭಿನವ್ ಬಿಂದ್ರಾ 2008ರಲ್ಲಿ ಚಿನ್ನ ತಂದದ್ದು ಇದೇ ಆಟದಲ್ಲಿ. ಗುರಿಹಲಗೆಯ ನಡುವಿನ ಹತ್ತರ ಚುಕ್ಕಿ ಅರ್ಧ ಮಿಲಿಮೀಟರ್, ರಾಗಿ ಕಾಳಿಗಿಂತ ಸಣ್ಣದು. ಒಂದು ಎಚ್ಚರಿಕೆ: ಇದೇ ಏರ್‌ಗನ್ನಿನಿಂದ ಕೌಜುಗವನ್ನೋ ಪಾರಿವಾಳವನ್ನೋ ಹೊಡೆದರೆ ಅದೂ ಬೇಟೆಯೇ.

ಹುಡುಗ ಹೋದ ತಿಂಗಳು ಎನ್‌ಸಿಸಿ ಫೈರಿಂಗ್‌ಗೆ ಹೋಗಿ ಬಂದ. ಐದು ಸುತ್ತು ಸಿಕ್ಕಿತ್ತಂತೆ. ಮೂರು ಗುಂಡು ಒಂದು ರೂಪಾಯಿ ನಾಣ್ಯ ಮುಚ್ಚುವಷ್ಟು ಜಾಗದಲ್ಲಿ ಬಿದ್ದಿವೆ, ಉಳಿದೆರಡು ಎಲ್ಲಿ ಹೋದವೋ ಗೊತ್ತಿಲ್ಲ. ಅವನಿಗೆ ಹೆಚ್ಚು ನೆನಪಿದ್ದದ್ದು ಬೇರೆ. ಹವಾಲ್ದಾರರು ಖಾಲಿ ಖೋಕಾಗಳನ್ನು ಎಣಿಸಿಕೊಂಡರಂತೆ. ಒಂದು ಕಮ್ಮಿಯಾಯಿತೆಂದು ಸಾಲಿನಲ್ಲಿದ್ದ ಎಲ್ಲರೂ ಹುಲ್ಲು ಕೆದಕಿ ಹುಡುಕಿದರಂತೆ. ಇಪ್ಪತ್ತು ನಿಮಿಷದ ಮೇಲೆ ಒಬ್ಬನ ಬೂಟಿನ ಅಡಿಯಲ್ಲಿ ಸಿಕ್ಕಿತು.

ಕೊಯಮತ್ತೂರಿನಲ್ಲಿ ರೈಫಲ್ ಕ್ಲಬ್ ಇದೆ. ಕೂಟದಲ್ಲಿ ಆಸೆಯಿರುವವರು ಹೆಸರು ಕೊಟ್ಟರೆ ಒಂದು ಶನಿವಾರ ಹೋಗಿ ವಿಚಾರಿಸಿಕೊಂಡು ಬರೋಣ. ಹುಡುಗಿಯರೂ ಹೆಸರು ಕೊಡಿ. ಏರ್ ರೈಫಲ್‌ನಲ್ಲಿ ದೇಶಕ್ಕೆ ಹೆಸರು ತಂದ ಇಳವೇನಿಲ್ ವಾಲರಿವನ್ ಹುಟ್ಟಿದ್ದು ನಮ್ಮ ತಮಿಳುನಾಡಿನ ಕಡಲೂರಿನಲ್ಲೇ. ಆಧಾರ್ ಕಾರ್ಡ್ ಮರೆಯಬೇಡಿ, ಬುತ್ತಿ ಕಟ್ಟಿಕೊಳ್ಳಿ. ವಾಪಸ್ ಬರುವಾಗ ದಿಂಬಂ ಘಾಟಿಯ 27 ತಿರುವನ್ನೂ ಕತ್ತಲಾಗುವ ಮುನ್ನ ಹತ್ತಿಬಿಡಬೇಕು. ಅಕ್ಕನ ಹೊಲಕ್ಕೆ ರಾತ್ರಿ ಕಾವಲಿಗೆ ಆಳು ಬೇಕು, ಅಂದು ಹುಡುಗನ ಸರದಿಯಿದ್ದರೆ ಅವನು ಬರುವುದಿಲ್ಲ.