ಬೇಸಗೆಯ ರಜವೂ ಮಕ್ಕಳ ಶ್ರದ್ಧೆಯೂ

ಬೇಸಗೆಯ ರಜ ಸಮೀಪಿಸಿತೆಂದರೆ ಮಕ್ಕಳಿರುವ ಮನೆಗಳಲ್ಲಿ ಒಂದು ಚಿಂತೆ ತಲೆದೋರುವುದುಂಟು. ಏಪ್ರಿಲ್ ತಿಂಗಳ ಎರಡನೆಯ ವಾರದಿಂದ ಮೇ ತಿಂಗಳ ಕೊನೆಯವರೆಗೆ, ಸುಮಾರು 7 ವಾರಗಳ ಕಾಲ, ಅವರ ಹೊತ್ತು ಕಳೆಯುವ ಬಗೆ ಹೇಗೆ? ಕೆಲವರು ಈಜು ಕಲಿಸುವರು. ಕೆಲವರು ಶಿಬಿರಗಳಿಗೆ ಕಳುಹಿಸುವರು. ಏನನ್ನೂ ಯೋಚಿಸದ ಮನೆಗಳಲ್ಲಿ ಆ ಭಾರವನ್ನು ಮೊಬೈಲು ಫೋನು ತಾನೇ ವಹಿಸಿಕೊಳ್ಳುವುದು. ಈ ನಡುವೆ ಹಿರಿಯರಾದ ನಮ್ಮಂಥವರ ಮನಸ್ಸಿನಲ್ಲಿ ಬೇರೊಂದು ಆಶೆ ಸುಳಿಯುತ್ತದೆ. ಇಷ್ಟು ದಿನಗಳಲ್ಲಿ ಮಕ್ಕಳಿಗೆ ದೈವದಲ್ಲಿ ಸ್ವಲ್ಪವಾದರೂ ಶ್ರದ್ಧೆ ಮೂಡಬಾರದೆ?

ಆಶೆಯೇನೋ ಸಹಜವಾದದ್ದೇ. ತೊಡಕಿರುವುದು ಅದನ್ನು ನೆರವೇರಿಸುವ ಕ್ರಮದಲ್ಲಿ. ನಮ್ಮ ಬೀದಿಯ ಹುಡುಗನೊಬ್ಬನು ಒಂದು ರಜದಲ್ಲಿ 50 ಶ್ಲೋಕಗಳನ್ನು ಬಾಯಿಪಾಠ ಮಾಡಿ ಸ್ಪರ್ಧೆಯಲ್ಲಿ ಬಹುಮಾನ ಪಡೆದನು. ಮರುದಿನದಿಂದ ಒಂದನ್ನೂ ಹೇಳಲಿಲ್ಲ. ಏಕೆಂದು ವಿಚಾರಿಸಿದರೆ, “ಸ್ಪರ್ಧೆ ಮುಗಿಯಿತಲ್ಲ!” ಎಂದನು. ಅವನ ತರ್ಕದಲ್ಲಿ ದೋಷವಿಲ್ಲ. ಬಹುಮಾನಕ್ಕಾಗಿ ಕಲಿತದ್ದು ಬಹುಮಾನ ಬಂದಲ್ಲಿಗೆ ಮುಗಿಯತಕ್ಕದ್ದೇ.

ಹೋದ ಬೇಸಗೆಯಲ್ಲಿ ನನ್ನ ಮಗಳು ತನ್ನ ಇಬ್ಬರು ಮಕ್ಕಳನ್ನು, 9 ವರ್ಷದ ಹುಡುಗಿಯನ್ನೂ 6 ವರ್ಷದ ಹುಡುಗನನ್ನೂ, ನಮ್ಮಲ್ಲಿಗೆ ಕಳುಹಿಸುವಾಗ, “ಅಪ್ಪ, ಅಲ್ಲಿಯೂ ಒಂದು ಸ್ಕೂಲು ತೆರೆಯಬೇಡಿ” ಎಂದು ಮೊದಲೇ ಎಚ್ಚರಿಸಿದಳು. ಅವಳ ಮಾತು ನನಗೆ ಒಪ್ಪಿಗೆಯಾಯಿತು. ಆದಕಾರಣ ನಾವು ಗೊತ್ತುಮಾಡಿಕೊಂಡದ್ದು ಎರಡೇ ಕಾರ್ಯ: ಸಂಜೆ ದೀಪ ಹಚ್ಚಿದ ಮೇಲೆ ಅರ್ಧ ಗಂಟೆಯ ವಾಚನ, ಹಗಲಿನಲ್ಲಿ ಒಂದು ಅರವಟ್ಟಿಗೆ. ಮಿಕ್ಕ ಹೊತ್ತೆಲ್ಲ ಮಾವಿನ ಮರಕ್ಕೂ ಆಟಕ್ಕೂ ಸೇರಿದ್ದು.

ವಾಚನಕ್ಕೆ ಕುಮಾರವ್ಯಾಸನನ್ನು ಆರಿಸಿಕೊಂಡೆವು. ಗದುಗಿನ ವೀರನಾರಾಯಣನ ಅಂಕಿತದಲ್ಲಿ ಹಾಡಿದ ಆ ಕವಿಯ ಭಾಷೆ ಮಕ್ಕಳಿಗೆ ಕಠಿಣವಲ್ಲವೆ ಎಂದು ಶಂಕಿಸುವವರುಂಟು. ಆದರೆ ಮಕ್ಕಳು ಪದ್ಯವನ್ನು ಪ್ರವೇಶಿಸುವುದು ಅರ್ಥದ ಬಾಗಿಲಿನಿಂದಲ್ಲ, ಲಯದ ಬಾಗಿಲಿನಿಂದ. ಭಾಮಿನೀ ಷಟ್ಪದಿಯ ಮಾತ್ರೆಗಳು 3, 4, 3, 4 ಎಂದು ನಡೆಯುತ್ತವೆ. ಚಿಕ್ಕವನು ಎರಡು ದಿನಗಳಲ್ಲಿ ಅದನ್ನು ಕೈತಟ್ಟಿ ಎಣಿಸಲು ಕಲಿತನು. ಮೂರನೆಯ ಸಾಲೂ ಆರನೆಯ ಸಾಲೂ ಉದ್ದವಾಗುವುದನ್ನು ತಾನೇ ಕಂಡುಹಿಡಿದನು. ದಿನಕ್ಕೆ ಎರಡು ಮೂರು ಪದ್ಯ ಮಾತ್ರ. ಬಳಿಕ ಅದರ ಕಥೆ. ಬಾಯಿಪಾಠ ಮಾಡೆಂದು ಯಾರನ್ನೂ ಕೇಳಲಿಲ್ಲ.

ಇದಲ್ಲದೆ ನಮ್ಮ ಪಂಚಾಂಗವೇ ಈ ತಿಂಗಳುಗಳಿಗೆ ಒಂದು ಪಾಠಕ್ರಮವನ್ನು ಹಾಕಿಕೊಟ್ಟಿದೆ. ರಜದ ಹೊಸ್ತಿಲಿನ ಆಸುಪಾಸಿನಲ್ಲಿ ರಾಮನವಮಿ; ವೈಶಾಖ ಶುದ್ಧ ತದಿಗೆ ಅಕ್ಷಯ ತೃತೀಯೆಯೂ ಹೌದು, ಬಸವ ಜಯಂತಿಯೂ ಹೌದು; ಪಂಚಮಿಯಂದು ಶಂಕರ ಜಯಂತಿ; ಚತುರ್ದಶಿಯಂದು ನರಸಿಂಹ ಜಯಂತಿ; ಹುಣ್ಣಿಮೆಯಂದು ಬುದ್ಧನ ಸ್ಮರಣೆ. ಒಂದೇ ಪಕ್ಷದಲ್ಲಿ ಇಷ್ಟು ಭಿನ್ನವಾದ ಮಹನೀಯರ ಹೆಸರುಗಳನ್ನು ಕೇಳುವ ಮಗುವಿಗೆ, ದೇವರ ಕಡೆಗೆ ಹೋಗುವ ದಾರಿ ಒಂದೇ ಅಲ್ಲವೆಂಬುದನ್ನು ಬೇರೆ ಉಪನ್ಯಾಸದಿಂದ ತಿಳಿಸಬೇಕಾಗಿಲ್ಲ. ಬಸವ ಜಯಂತಿಯ ಸಂಜೆ ಕೆಲವು ವಚನಗಳನ್ನು ಓದಿದೆವು. ಓಲೆಗರಿಗಳಲ್ಲಿ ಚೆದರಿಹೋಗಿದ್ದ ವಚನಗಳನ್ನು ಮನೆಮನೆ ತಿರುಗಿ ಸಂಗ್ರಹಿಸಿ, 1923ರಲ್ಲಿ ‘ವಚನಶಾಸ್ತ್ರಸಾರ’ವನ್ನು ಹೊರತಂದ ಫ. ಗು. ಹಳಕಟ್ಟಿಯವರ ಕಥೆಯನ್ನು ಹೇಳಿದಾಗ ಹುಡುಗಿ ಕಿವಿಗೊಟ್ಟು ಕೇಳಿದಳು.

ಇನ್ನು ಅರವಟ್ಟಿಗೆ. ವೈಶಾಖಮಾಸದಲ್ಲಿ ಬಾಯಾರಿದವರಿಗೆ ನೀರು ಕೊಡುವುದು ದೊಡ್ಡ ಧರ್ಮವೆಂದು ನಮ್ಮ ಹಿರಿಯರು ನಂಬಿದ್ದರು. ಅಕ್ಷಯ ತೃತೀಯೆಯಂದು ಉದಕುಂಭದಾನ ಮಾಡುವ ಪದ್ಧತಿ ಇಂದಿಗೂ ಉಂಟು. ಬಾಗಿಲ ಮುಂದಿನ ಹೊಂಗೆಯ ನೆರಳಿನಲ್ಲಿ ಮರಳು ಹರಡಿ, ಅದನ್ನು ನೆನೆಸಿ, ಮೇಲೆ ಮಣ್ಣಿನ ಗಡಿಗೆಯನ್ನಿಟ್ಟೆವು. ರಾತ್ರಿ ಕಾಯಿಸಿ ಆರಿಸಿದ ನೀರು. ಸುವಾಸನೆಗೆ ಒಂದು ಹಿಡಿ ಲಾವಂಚದ ಬೇರು. ಗಡಿಗೆ ಬೆವರಿದಂತೆಲ್ಲ ನೀರು ಏಕೆ ತಣ್ಣಗಾಗುತ್ತದೆಂಬುದು ಮಕ್ಕಳಿಗೆ ಒಂದು ದಿನದ ವಿಚಾರಕ್ಕೆ ಸಾಕಾಯಿತು. ಗಡಿಗೆಗೆ 20 ಲೀಟರು, ಲೋಟಕ್ಕೆ 200 ಮಿಲಿಲೀಟರು, ಆದ್ದರಿಂದ ನೂರು ಮಂದಿಗೆ ಎಂಬ ಲೆಕ್ಕವನ್ನು ಹುಡುಗಿಯೇ ಮಾಡಿದಳು. ಹಬ್ಬದ ದಿನಗಳಲ್ಲಿ ಬೆಲ್ಲ, ನಿಂಬೆಹಣ್ಣು, ಏಲಕ್ಕಿ, ಒಣಶುಂಠಿ ಸೇರಿಸಿ ಪಾನಕ. ಗೋಡೆಯ ಮೇಲೆ ಹಕ್ಕಿಗಳಿಗೆಂದು ಒಂದು ತಟ್ಟೆ ನೀರಿಡುವುದು ಚಿಕ್ಕವನ ಪಾಲಿನ ಕೆಲಸ.

ಒಂದು ಮಧ್ಯಾಹ್ನ ಹಳ್ಳಿಯ ಕಡೆಯಿಂದ ಬಂದ ಮುದುಕಿಯೊಬ್ಬಳು ನೀರು ಕೇಳಿದಳು. ಹುಡುಗಿ ಲೋಟವನ್ನು ನೀಡಿದರೆ ಅವಳು ಹಿಂದಕ್ಕೆ ಸರಿದು, ಬಾಗಿ, ಬೊಗಸೆಯೊಡ್ಡಿದಳು. ಮಗು ತಿಳಿಯದೆ ಬೊಗಸೆಗೆ ನೀರು ಹೊಯ್ದಿತು. ಅವಳು ಹೋದ ಮೇಲೆ, “ತಾತ, ಆ ಅಜ್ಜಿ ಲೋಟ ಯಾಕೆ ತೊಗೊಳ್ಳಲಿಲ್ಲ?” ಎಂದು ಕೇಳಿತು.

ಬೇರೆ ಏನಾದರೂ ಹೇಳಿ ಜಾರಿಕೊಳ್ಳುವುದು ಸುಲಭವಾಗಿತ್ತು. ಆದರೆ ಶ್ರದ್ಧೆಯನ್ನು ಕಲಿಸಹೊರಟವನು ಇಂಥ ಸ್ಥಳದಲ್ಲಿ ಸುಳ್ಳಾಡಿದರೆ, ಮುಂದೆ ಅವನ ಯಾವ ಮಾತನ್ನು ಮಗು ನಂಬೀತು? ಇದ್ದುದನ್ನು ಇದ್ದಂತೆಯೇ ಹೇಳಿದೆನು. ನೀರು ಕೊಡುವುದು ಪುಣ್ಯವೆಂದ ಜನರೇ ಕೆಲವರನ್ನು ಬಾವಿ ಕೆರೆಗಳಿಂದ ದೂರವಿಟ್ಟಿದ್ದರು. ಅವರಿಗೆ ಪಾತ್ರೆ ಕೊಡದೆ ಎತ್ತಿ ಹೊಯ್ಯುತ್ತಿದ್ದರು. ಅದನ್ನು ಧರ್ಮವೆಂದೂ ಕರೆದರು. 1927ರ ಮಾರ್ಚಿ 20ರಂದು ಮಹಾಡಿನ ಚವದಾರ ಕೆರೆಯಲ್ಲಿ ಡಾ. ಅಂಬೇಡ್ಕರರು ಸಾವಿರಾರು ಮಂದಿಯೊಡನೆ ಹೋಗಿ ನೀರು ಕುಡಿದದ್ದನ್ನೂ, ಆ ಹಕ್ಕಿನ ವ್ಯಾಜ್ಯ ನ್ಯಾಯಾಲಯದಲ್ಲಿ ಇತ್ಯರ್ಥವಾಗಲು 1937 ಬರಬೇಕಾಯಿತೆಂಬುದನ್ನೂ ತಿಳಿಸಿದೆನು.

ಹುಡುಗಿ ಬಹಳ ಹೊತ್ತು ಮಾತನಾಡಲಿಲ್ಲ. ಬಳಿಕ, “ದೇವರು ನೋಡಿಕೊಂಡು ಸುಮ್ಮನಿದ್ದನಾ?” ಎಂದಳು. ನನ್ನಲ್ಲಿ ಅದಕ್ಕೆ ಉತ್ತರವಿರಲಿಲ್ಲ, ಇಲ್ಲವೆಂದೇ ಹೇಳಿದೆನು.

ನಾಲ್ಕು ದಿನಗಳ ಮೇಲೆ ಆ ಮುದುಕಿ ಮತ್ತೆ ಬಂದಳು. ಮಗು ಮೆಟ್ಟಿಲಿಳಿದು ಹತ್ತಿರ ಹೋಗಿ, “ಅಜ್ಜಿ, ಲೋಟ ಹಿಡ್ಕೊಳ್ಳಿ” ಎಂದು ಅವಳ ಕೈಗೇ ಕೊಟ್ಟಿತು. ಅವಳು ಒಂದು ಕ್ಷಣ ನನ್ನ ಮುಖವನ್ನು ನೋಡಿದಳು. ಆಮೇಲೆ ಲೋಟವನ್ನು ಕಚ್ಚಿಯೇ ಕುಡಿದು, ಇನ್ನೊಂದು ಲೋಟ ಕೇಳಿದಳು.

ಮಕ್ಕಳ ರಜಕ್ಕೆ ಕ್ರಮ ಹಾಕುವ ಗೃಹಸ್ಥರಲ್ಲಿ ನನ್ನ ವಿಜ್ಞಾಪನೆ ಇಷ್ಟೆ. ದೀಪ ಹಚ್ಚಿರಿ, ಹಾಡಿರಿ, ಕಥೆ ಹೇಳಿರಿ. ಅದರೊಡನೆ ಅನ್ಯರಿಗೆ ಉಪಯೋಗವಾಗುವ ಒಂದು ನಿತ್ಯಕಾರ್ಯವನ್ನು ಮಕ್ಕಳ ಕೈಗೆ ಕೊಡಿರಿ. ಆ ಕಾರ್ಯದಿಂದ ಪ್ರಶ್ನೆಗಳು ಹುಟ್ಟುವುವು. ಅವುಗಳಲ್ಲಿ ಕೆಲವು ನಮಗೆ ಹಿತವಾಗಿರಲಾರವು. ಅವನ್ನು ಬಾಯಿಮುಚ್ಚಿಸಿ ಕಳೆದರೆ ಮಕ್ಕಳು ಕೈಮುಗಿಯುವುದನ್ನು ಕಲಿಯಬಹುದು, ನಂಬುವುದನ್ನು ಕಲಿಯಲಾರರು. ನನ್ನ ಮೊಮ್ಮಕ್ಕಳಲ್ಲಿ ಭಕ್ತಿ ಎಷ್ಟು ಬೆಳೆಯಿತೆಂದು ಅಳೆಯುವ ಗೋಜಿಗೆ ನಾನು ಹೋಗಿಲ್ಲ. ಈ ಸಲವೂ ಗಡಿಗೆ ಇಡುವುದುಂಟೇ ಎಂದು ಅವರು ಫೋನಿನಲ್ಲಿ ಕೇಳಿದ್ದಾರೆ. ಕುಂಬಾರನಿಗೆ ಎರಡು ಗಡಿಗೆಗಳನ್ನು ಹೇಳಿಟ್ಟಿದ್ದೇನೆ.