ಹೆಜ್ಜೆಯ ಲೆಕ್ಕ

ವ್ಯಾಯಾಮದ ವಿಷಯದಲ್ಲಿ ಬಾಯಿ ತೆರೆಯುವ ಹಕ್ಕು ನನಗಿಲ್ಲವೆಂದು ನನ್ನ ಮನೆಯಾಕೆಯ ಅಭಿಪ್ರಾಯ. ಗರಡಿಯ ಮಣ್ಣು ನನ್ನ ಮೈಗೆ ಸೋಕಿದ್ದಿಲ್ಲ. ಬಸ್ಕಿಯ ಪರಿಚಯ ಆದದ್ದು ಮೇಷ್ಟರ ಶಿಕ್ಷೆಯ ರೂಪದಲ್ಲಿ ಮಾತ್ರ. ಆದರೂ 1967ರಲ್ಲಿ ಮಾನಸಗಂಗೋತ್ರಿಯಲ್ಲಿ ಓದುತ್ತಿದ್ದಾಗ ನಾವು ದಿನಕ್ಕೆ ಐದಾರು ಮೈಲಿಗೆ ಕಡಿಮೆಯಿಲ್ಲದೆ ನಡೆಯುತ್ತಿದ್ದೆವು. ಕೋಣೆಯಿಂದ ತರಗತಿಗೆ, ತರಗತಿಯಿಂದ ಕಾಫಿಗೆ, ಕಾಫಿಯಿಂದ ಲೈಬ್ರರಿಗೆ, ಅಲ್ಲಿ ಮನಸ್ಸು ನಿಲ್ಲದೆ ಮತ್ತೆ ಕಾಫಿಗೆ. ಸಂಜೆ ಕುಕ್ಕರಹಳ್ಳಿ ಕೆರೆಯ ಏರಿ. ಕುವೆಂಪು ಅವರು ತಿರುಗಾಡುತ್ತಿದ್ದ ಏರಿಯೆಂಬ ಹೆಮ್ಮೆ ಬೇರೆ. ಇದಕ್ಕೆ ಯಾರಾದರೂ ವ್ಯಾಯಾಮವೆಂದು ಹೆಸರಿಟ್ಟಿದ್ದರೆ ಅಂದೇ ನಿಲ್ಲಿಸಿಬಿಡುತ್ತಿದ್ದೆವೋ ಏನೋ!

ಈ ನಡಿಗೆಯ ಬೆಲೆ ನನಗೆ ತಿಳಿದದ್ದು ಕೊರೋನಾ ಬಂದಮೇಲೆ. 2020ರ ಮಾರ್ಚ್ 25ರಿಂದ ದೇಶಕ್ಕೆಲ್ಲ ಬೀಗ ಬಿತ್ತು. ಮೊದಲು 21 ದಿನವೆಂದರು. ಅದು ಬೆಳೆಯುತ್ತ ಹೋಯಿತು. ನಮ್ಮ ಅಜ್ಜಿ ಪ್ಲೇಗಿನ ಕಾಲದ ಸಂಗತಿ ಹೇಳುತ್ತಿದ್ದರು. ಆಗ ಜನ ಮನೆಗೆ ಬೀಗ ಹಾಕಿಕೊಂಡು ಊರಾಚೆಯ ಬಯಲಿನಲ್ಲಿ ಜೋಪಡಿ ಕಟ್ಟಿಕೊಂಡಿರುತ್ತಿದ್ದರಂತೆ. ಈ ಸಲದ ರೋಗದ್ದು ತಿರುವುಮುರುವು: ಬಯಲಿಗೆ ಬೀಗ, ಜನ ಮನೆಯೊಳಗೆ. ಬೇರೆ ದಾರಿಯಿರಲಿಲ್ಲ, ಒಪ್ಪುತ್ತೇನೆ.

ನನ್ನ ಮೊಮ್ಮಗ ಆಗ ಗಂಗೋತ್ರಿಯಲ್ಲಿ ಮೊದಲ ವರ್ಷದ ಎಂ.ಎಸ್‌ಸಿ. ಓದುತ್ತಿದ್ದ. ನೂರಾರು ಎಕರೆಯ ವಿಶ್ವವಿದ್ಯಾನಿಲಯ ಬಂದು ಅವನ ಮೇಜಿನ ಮೇಲಣ ಲ್ಯಾಪ್‌ಟಾಪಿನೊಳಗೆ ಕುಳಿತಿತು. ಹಾಸಿಗೆಯಿಂದ ಕುರ್ಚಿಗೆ ಮೂರು ಹೆಜ್ಜೆ. ಕುರ್ಚಿಯಿಂದ ಊಟದ ಮನೆಗೆ ಹದಿನಾಲ್ಕು. ಎಣಿಸಿದವನು ನಾನೇ, ನನಗೂ ಬೇರೆ ಕೆಲಸವಿರಲಿಲ್ಲ. ಮೊದಲ ತಿಂಗಳು ಹುಡುಗ ಸುಖವಾಗಿಯೇ ಇದ್ದ. ಜೂನ್ ಹೊತ್ತಿಗೆ ಮಾತು ಕಡಿಮೆಯಾಯಿತು. ರಾತ್ರಿಯೆಲ್ಲ ದೀಪ, ಹಗಲೆಲ್ಲ ನಿದ್ದೆ. ಒಂದು ದಿನ ಊಟಕ್ಕೆ ಕುಳಿತಾಗ, “ತಾತ, ನಾನು ಓದಿ ಏನಾಗಬೇಕು?” ಎಂದ. ಸಿಟ್ಟಿನಿಂದ ಕೇಳಿದ್ದರೆ ನಾನೂ ರೇಗಿ ಏನಾದರೂ ಹೇಳಬಹುದಾಗಿತ್ತು. ಅವನು ಕೇಳಿದ್ದು, ಇಂದು ಮೋಡವಾಗಿದೆ ಎಂದು ಹೇಳುವ ದನಿಯಲ್ಲಿ. ಅವನ ತಾಯಿ ಸಾರಿನ ಸೌಟು ಹಿಡಿದವಳು ಹಾಗೆಯೇ ನಿಂತುಬಿಟ್ಟಳು.

ಮನೋವೈದ್ಯರೊಬ್ಬರೊಡನೆ ಫೋನಿನಲ್ಲಿ ಮಾತನಾಡಿಸಿದೆವು. ಇದರಲ್ಲಿ ಮುಚ್ಚಿಡತಕ್ಕದ್ದೇನೂ ಇಲ್ಲ. ಮೈಗೆ ಚಲನೆ ಬೇಕು, ಜೊತೆಗೆ ಜನವೂ ಬೇಕು ಎಂದರು ಅವರು. ನನ್ನ ಮಗ ಮೊದಲನೆಯ ಮಾತನ್ನು ಮಾತ್ರ ಕೇಳಿಸಿಕೊಂಡು, ಹೆಜ್ಜೆ ಎಣಿಸುವ ಕೈಗಡಿಯಾರವೊಂದನ್ನು ತರಿಸಿದ. ದಿನಕ್ಕೆ ಹತ್ತು ಸಾವಿರ ಹೆಜ್ಜೆಯೆಂದು ಕಟ್ಟಳೆಯಾಯಿತು. ಹುಡುಗ ಗಾಣದ ಎತ್ತಿನಂತೆ ತಾರಸಿಯ ಮೇಲೆ ಸುತ್ತಿದ. ಲೆಕ್ಕ ತುಂಬಿತು, ಬಾಯಿ ಮಾತ್ರ ತೆರೆಯಲಿಲ್ಲ.

ಅಮೆರಿಕದ ಪಿಟ್ಸ್‌ಬರ್ಗ್ ವಿಶ್ವವಿದ್ಯಾನಿಲಯದ 682 ಮಂದಿ ವಿದ್ಯಾರ್ಥಿಗಳ ಕೈಗೂ ಇಂಥ ಗಡಿಯಾರ ಕಟ್ಟಿದ್ದರೆಂದು, 2021ರಲ್ಲಿ ಪ್ರಕಟವಾದ ಒಂದು ಸಂಶೋಧನೆಯಿಂದ ಮುಂದೆ ನನಗೆ ತಿಳಿಯಿತು. ದಿನಕ್ಕೆ ಸುಮಾರು 10,000 ಇದ್ದ ಹೆಜ್ಜೆ ಕೊರೋನಾ ಬಂದೊಡನೆ 4,600ಕ್ಕೆ ಇಳಿಯಿತು. ಜೊತೆಯವರೊಡನೆ ಕಳೆಯುವ ಹೊತ್ತು ದಿನಕ್ಕೆ ಅರ್ಧ ಗಂಟೆಯೂ ಉಳಿಯಲಿಲ್ಲ. ಖಿನ್ನತೆಯ ಅಪಾಯದಲ್ಲಿದ್ದವರು ನೂರಕ್ಕೆ 46ರಿಂದ 61ರವರೆಗೆ. ಹೆಜ್ಜೆ ಹೆಚ್ಚಿಸಿದರೆ ಮನಸ್ಸೂ ಎದ್ದೀತೇ ನೋಡೋಣವೆಂದು, ಆ ಪಂಡಿತರು ಕೆಲವರಿಗೆ ಹಣ ಕೊಟ್ಟು ಎರಡು ವಾರ ನಡೆಸಿದರು. ಹೆಜ್ಜೆಗಳೇನೋ ಹೆಚ್ಚಿದವು. ಮನಸ್ಸು ಏಳಲಿಲ್ಲ! ಹಣ ಖರ್ಚು ಮಾಡಿ ‘ಆಗಲಿಲ್ಲ’ ಎಂದು ಬರೆದ ಆ ಪಂಡಿತರ ಮೇಲೆ ನನಗೆ ಗೌರವ.

ನನ್ನ ತಂಗಿಯ ಮೊಮ್ಮಗಳು ತೀರ್ಥಹಳ್ಳಿಯ ಕಡೆಯವಳು. ಹಾಸ್ಟೆಲು ಮುಚ್ಚಿ ಊರು ಸೇರಿದ್ದಳು. ಅಲ್ಲಿ ಮನೆಯೊಳಗೆ ಸಿಗ್ನಲ್ ಸಿಗದು. ಪಾಠ ಕೇಳಬೇಕಾದರೆ ಗುಡ್ಡ ಹತ್ತಬೇಕು. ಸುತ್ತಣ ಮನೆಗಳ ನಾಲ್ವರು ಸೇರಿ ನೆತ್ತಿಯ ಮೇಲೊಂದು ಸೋಗೆಯ ಚಪ್ಪರ ಹಾಕಿಕೊಂಡಿದ್ದರು. ದಿನವೂ ಅಲ್ಲಿಗೆ ಮೆರವಣಿಗೆ, ಕೊಡೆ ಹಿಡಿದು. “ಅಜ್ಜ, ಇವತ್ತು ಕಾಲಿಗೆ ಇಂಬಳ ಹತ್ತಿ ಅರ್ಧ ಪಾಠ ಅದನ್ನು ಬಿಡಿಸೋದರಲ್ಲೇ ಹೋಯ್ತು,” ಎಂದು ನಗುತ್ತಿದ್ದಳು. ಇದನ್ನು ಯಾರೂ ಹೊಗಳಬೇಕಾಗಿಲ್ಲ. ಪಾಠಕ್ಕಾಗಿ ಮಕ್ಕಳು ಮಳೆಯಲ್ಲಿ ಗುಡ್ಡ ಹತ್ತುವುದು ನಾಡಿಗೆ ನಾಚಿಕೆಗೇಡು. ಅವಳು ಇಳಿದು ಬರುವತನಕ ನನ್ನ ತಂಗಿಯ ಜೀವ ಕೈಯಲ್ಲಿರುತ್ತಿತ್ತು. ಆದರೆ ಆ ದನಿಯಲ್ಲಿ ಜೀವವಿತ್ತು. ಅವಳ ನಡಿಗೆಗೆ ಹೋಗಬೇಕಾದ ಒಂದು ಜಾಗವಿತ್ತು, ಬೈಯುತ್ತಲೋ ನಗುತ್ತಲೋ ಜೊತೆಗೆ ಬರುವ ಮೂವರಿದ್ದರು. ನಮ್ಮ ತಾರಸಿಯ ಮೇಲೆ ಗೋಡೆ ಮಾತ್ರ.

ರಸಾಯನಶಾಸ್ತ್ರದಲ್ಲಿ ಏನೋ ಅರ್ಥವಾಗಲಿಲ್ಲವೆಂದು ಅವಳು ಒಮ್ಮೆ ಇವನಿಗೆ ಫೋನು ಮಾಡಿದಳು. ಆಮೇಲೆ ಅದು ದಿನಚರಿಯಾಯಿತು. ಅವಳು ಗುಡ್ಡ ಇಳಿಯುತ್ತ ಕೇಳುವುದು, ಇವನು ತಾರಸಿಯಲ್ಲಿ ತಿರುಗುತ್ತ ಹೇಳುವುದು. ಆಗಸ್ಟಿನ ಒಂದು ಸಂಜೆ ಮೇಲಿನಿಂದ ಜೋರಾಗಿ ಜಗಳದ ಸದ್ದು: “ನಿನಗೆ ತಲೆಯಿಲ್ಲ ಕಣೇ! ಮತ್ತೆ ಮೊದಲಿಂದ ಬರಿ!” ನಾನೂ ಸೊಸೆಯೂ ಮೆಟ್ಟಿಲ ಬುಡದಲ್ಲಿ ನಿಂತು, ಸಂಗೀತ ಕಚೇರಿಯೋ ಎಂಬಂತೆ ಆ ಬೈಗುಳ ಕೇಳಿದೆವು. ಪೂರ್ತಿ ಗುಣವಾಯಿತೆಂದು ಹೇಳಲಾರೆ. ಇಂದಿಗೂ ಕೆಲವು ದಿನ ಅವನು ಮೌನಿ.

ಆ ಗಡಿಯಾರ ಈಗ ಸೊಸೆಯ ಕೈಯಲ್ಲಿದೆ. ಮಧ್ಯಾಹ್ನದ ಎಲೆ ಹಾಕುವ ಹೊತ್ತಿಗೆ ಅದರಲ್ಲಿ ಆರು ಸಾವಿರ ದಾಟಿರುತ್ತದೆ. ಅಷ್ಟರವರೆಗೆ ಅವಳು ಅಡಿಗೆಮನೆ, ಹಿತ್ತಿಲು ಬಿಟ್ಟು ಆಚೆಗೆ ಹೋಗಿರುವುದಿಲ್ಲ.